ಹೆಬ್ಬಾಗಿಲು ನದಿಯ ಕಡೆಗಿರಲಿ

ಅಧ್ಯಕ್ಷತೆ ವಹಿಸಿರುವ ಮುಖ್ಯೋಪಾಧ್ಯಾಯಿನಿ ಹಾನ್ ಅವರೇ, ಮುಖ್ಯ ಅತಿಥಿಗಳೂ ನನ್ನ ಹಳೆಯ ವಿದ್ಯಾರ್ಥಿಗಳೂ ಆದ ಮರಳು ವ್ಯಾಪಾರಿ ಕ್ವಾಂಗ್ ಅವರೇ, ಗದ್ದೆ ಕೆಲಸ ಬಿಟ್ಟು ಬಂದಿರುವ ಸಭಿಕರೇ, ಮನಸ್ಸಿನಲ್ಲೇ ನನ್ನನ್ನು ಬೈದುಕೊಳ್ಳುತ್ತಿರುವ ಮಕ್ಕಳೇ,

ಇಂದು ನನಗೆ ಬೀಳ್ಕೊಡುಗೆ. ಇದೇ ದಿನ ಕ್ವಾಂಗ್ ತಮ್ಮ ದಿವಂಗತ ತಂದೆಯ ಹೆಸರಿನಲ್ಲಿ ಶಾಲೆಗೊಂದು ಹೆಬ್ಬಾಗಿಲು ಕೊಡುತ್ತಿದ್ದಾರೆ. ರಸ್ತೆಯ ಕಡೆ ಜಾಗವನ್ನೂ ಗುರುತಿಸಿದ್ದಾರೆ. ಅವರಿಗೆ ವಂದಿಸಿ ಬೇಗ ಕೂತುಕೊಳ್ಳಬೇಕೆಂದು ಹಾನ್ ಅವರ ಸೂಚನೆ. ವಂದಿಸುತ್ತೇನೆ. ಬೇಗ ಕೂರುವ ಮಾತು ಕೊಡಲಾರೆ.

ನಾನು ಮೊದಲ ಬಾರಿ ಇಲ್ಲಿಗೆ ಬಂದದ್ದು ಕ್ವಾಂಗ್ ಅವರ ತಂದೆ, ಅಂಬಿಗ ಥಾಂಗ್ ಅವರ ದೋಣಿಯಲ್ಲಿ. ಆಗ ನಮ್ಮ ಮೆಕಾಂಗ್ ನದಿ ಹಾಲು ಬೆರೆಸಿದ ಕಾಫಿಯಂತಿತ್ತು. ದಡದಲ್ಲಿ ಒಬ್ಬ ಹುಡುಗಿ ಹಂಡೆಯ ನದಿನೀರು ತಿಳಿಯಾಗಲೆಂದು ಪಟಿಕ ತಿರುವುತ್ತಿದ್ದಳು. ಪಟ್ಟಣದವನಾದ ನಾನು ಮುಖ ಸಿಂಡರಿಸಿದೆ. ಅವಳೆಂದಳು: “ಯಾಕ್ರೀ ಮೇಷ್ಟ್ರೇ, ಕೆಸರು ಅಂತ ಅಸಹ್ಯಾನಾ? ಮಧ್ಯಾಹ್ನ ಉಣ್ಣೋ ಅನ್ನ ಎಲ್ಲಿಂದ ಬಂತು ಅಂದ್ಕೊಂಡ್ರಿ?”

ಅಷ್ಟು ಚೆಂದದ ಪಾಠ ನಾನು ಯಾವತ್ತೂ ಮಾಡಿಲ್ಲ. ಅವಳಿಗೆ ಥಾಂಗ್ ಜೊತೆ ನಿಶ್ಚಿತಾರ್ಥವಾಗಿದೆ ಎಂದು ಸಂಜೆ ತಿಳಿಯಿತು. ಅದು ಬೇರೆ ವಿಷಯ. ನಗಬೇಡಿ. ಆ ಹುಡುಗಿ, ಅಂದರೆ ಕ್ವಾಂಗ್ ಅವರ ತಾಯಿ ‘ಬಾ’ ಅಕ್ಕ, ಮುಂದಿನ ಸಾಲಿನಲ್ಲೇ, ಮಗನ ಪಕ್ಕದಲ್ಲೇ ಕೂತಿದ್ದಾರೆ.

ಈಗ ನೀರು ತಿಳಿಯಾಗಿದೆ. ಪ್ರವಾಸಿಗಳು ಫೋಟೊ ತೆಗೆಯುತ್ತಾರೆ. ಆದರೆ ಕೆಸರೆಲ್ಲಿ? ಮೇಲಿನ ಅಣೆಕಟ್ಟುಗಳ ಹಿಂದೆ. ತಳದ ಮರಳೆಲ್ಲಿ? ಕ್ವಾಂಗ್ ಅವರ ದೋಣಿಗಳಲ್ಲಿ. ಬರಿಹೊಟ್ಟೆಯಲ್ಲಿ ಬಂದ ನದಿ ಏನು ತಿನ್ನಬೇಕು? ನಮ್ಮ ದಡವನ್ನು ತಿನ್ನುತ್ತಿದೆ. ಧ್ವಜಸ್ತಂಭ ಹೋಯಿತು. ಅರ್ಧ ವಾಲಿಬಾಲ್ ಅಂಗಳ ಹೋಯಿತು. ನಮ್ಮ ಆಟಗಾರರೆಲ್ಲ ಈಗ ಒಳ್ಳೆಯ ಈಜುಗಾರರು. ಇನ್ನೊಂದು ಮಳೆಗಾಲಕ್ಕೆ ಐದನೇ ತರಗತಿಯ ಕೋಣೆಯ ಸರದಿ.

ಆದ್ದರಿಂದ ನನ್ನದೊಂದು ಕೋರಿಕೆ. ಮಕ್ಕಳು ಬರುವುದು ರಸ್ತೆಯಿಂದಲ್ಲ, ದೋಣಿಯಲ್ಲಿ. ಥಾಂಗ್ ಅವರು ಮಕ್ಕಳನ್ನು ಕಾಸು ಕೇಳದೆ ಕರೆತಂದು ಇಳಿಸುತ್ತಿದ್ದದ್ದು ನದಿಯ ಮೆಟ್ಟಿಲಲ್ಲಿ. ಆ ಹೆಸರು ರಸ್ತೆಯ ಧೂಳು ತಿನ್ನುತ್ತಾ ಯಾಕೆ ನಿಲ್ಲಬೇಕು? ಹೆಬ್ಬಾಗಿಲು ನದಿಯ ಕಡೆಗಿರಲಿ, ದಡದ ತುದಿಯಲ್ಲಿ.

ದಡ ನಿಲ್ಲುತ್ತದೆಯೇ ಎಂದು ಕ್ವಾಂಗ್ ಕೇಳಬಹುದು. ಮಗೂ, ಅಣೆಕಟ್ಟುಗಳಿಗೆ ನನ್ನ ಭಾಷಣ ಕೇಳಿಸುವುದಿಲ್ಲ. ಶಾಲೆಯ ಮುಂದೆ ಮರಳು ಹೀರುತ್ತಿರುವ ನಿನ್ನ ಯಂತ್ರಗಳು ನಿನ್ನ ಮಾತು ಕೇಳುತ್ತವೆ. ನಿನ್ನ ಅಪ್ಪನ ಹೆಸರನ್ನು ನದಿಗೆ ಬೀಳಿಸುವ ಮಗ ನೀನಲ್ಲ ಎಂದು ನಾನು ಬಲ್ಲೆ.

ಹೋದ ವಾರ ಈ ವಿಚಾರಕ್ಕಾಗಿಯೇ, ಬರೀ ಈ ವಿಚಾರಕ್ಕಾಗಿಯೇ, ಬಾ ಅಕ್ಕನ ಮನೆಗೆ ಹೋಗಿದ್ದೆ. ಅವರು ಕೇಳಿದ್ದು ಒಂದೇ ಮಾತು: “ಇಷ್ಟು ವರ್ಷ ಬಾಯಿಗೆ ಏನು ಬೀಗ ಹಾಕ್ಕೊಂಡಿದ್ರಾ ಮೇಷ್ಟ್ರೇ?”

ಈಗ ನೋಡಿ, ಅವರು ಎದ್ದಿದ್ದಾರೆ. ಮಗನ ತೋಳು ಹಿಡಿದು ಜಾಗ ತೋರಿಸಲು ದಡದ ಕಡೆ ಹೊರಟಿದ್ದಾರೆ. ಕ್ವಾಂಗ್ ನಡೆಯುತ್ತಲೇ ತಮ್ಮ ದೋಣಿಯವರಿಗೆ ಜೋರಾಗಿ ಕೈ ಬೀಸುತ್ತಿದ್ದಾರೆ, ಅಲ್ಲಿಂದ ತೊಲಗಿ ಎಂಬಂತೆ.

ಇನ್ನು ನಾನು ಧಾರಾಳವಾಗಿ ಕೂರಬಹುದು. ಕೇಳಿಸಿಕೊಂಡ ಎಲ್ಲರಿಗೂ ಧನ್ಯವಾದ. ನಮಸ್ಕಾರ.