ಕೊಕ್ಕರೆ ಮೇಷ್ಟ್ರ ಭಾಷೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ದೂರದಿಂದ ಬಂದ ಶಿಕ್ಷಣ ಸಚಿವರೇ, ನನ್ನ ಹಳೆಯ ವಿದ್ಯಾರ್ಥಿಗಳೇ, ಹಿಂದಿನ ಸಾಲಿನಲ್ಲಿ ಈಗಲೇ ಆಕಳಿಸುತ್ತಿರುವ ಸಭಿಕರೇ,

ಶಾಲು ಹೊದಿಸಿ ನನ್ನನ್ನು ಭಾಷಾ ಹೋರಾಟಗಾರ್ತಿ ಎಂದಿರಿ. ಸಂಕೋಚವಾಗುತ್ತದೆ. ನಾನು ಗಣಿತದ ಟೀಚರು. ಗಡಿಯಾಚೆಯಿಂದ ಬಂದು ನೆಲೆಸಿದ ಗಿರಣಿ ಕೇರಿಯವರ ಭಾಷೆ ನನ್ನ ತಾಯ್ನುಡಿಯೂ ಅಲ್ಲ. ‘ನಿಮಗ್ಯಾಕಮ್ಮ ಈ ಉಸಾಬರಿ?’ ಎಂದು ಇಲಾಖೆಯಲ್ಲಿ ಎಷ್ಟು ಜನ ಕೇಳಿದರು! ಯಾಕೆ? ಇಂದಾದರೂ ಹೇಳಬೇಕಲ್ಲವೇ?

ಆಗ ಈ ಶಾಲೆಯಲ್ಲಿ ಆ ಭಾಷೆ ಕಲಿಸಲು ಒಬ್ಬ ಮೇಷ್ಟ್ರಿದ್ದರು. ತೆಳ್ಳಗೆ, ಉದ್ದಕ್ಕೆ. ಮಕ್ಕಳು ‘ಕೊಕ್ಕರೆ ಮೇಷ್ಟ್ರು’ ಅನ್ನುತ್ತಿದ್ದರು. ಕೇರಿಯ ಮಕ್ಕಳಿಗೆ ನನ್ನ ಭಿನ್ನರಾಶಿ ತಲೆಗೆ ಹತ್ತುತ್ತಿರಲಿಲ್ಲ. ಅವರ ಮಾತಿನಲ್ಲೇ ಹೇಳೋಣವೆಂದು ಊಟದ ಬಿಡುವಿನಲ್ಲಿ ಮೇಷ್ಟ್ರ ಹತ್ತಿರ ಕಲಿಯತೊಡಗಿದೆ. ಆ ಭಾಷೆಯಲ್ಲಿ ‘ಅರ್ಧ’ ಎನ್ನಲು ಹೋಗಿ ‘ಗಂಡ’ ಎನ್ನುವ ಪದ ಹೇಳಿಬಿಟ್ಟಾಗ ಇಡೀ ಸ್ಟಾಫ್‌ರೂಮು ನಕ್ಕಿತು. ಮೇಷ್ಟ್ರು ಮಾತ್ರ ನಗಲಿಲ್ಲ. ಅವರ ಕಿವಿಗಳು ಕೆಂಪಾಗಿದ್ದವು. ಭಿನ್ನರಾಶಿ ಮುಗಿದ ಮೇಲೂ ನಾನು ಕಲಿಯುತ್ತಲೇ ಇದ್ದೆ.

ಅಷ್ಟರಲ್ಲಿ ಸರ್ಕಾರದ ಆದೇಶ ಬಂತು. ದೇಶ ಒಂದಾಗಬೇಕಾದರೆ ಶಾಲೆಯ ಭಾಷೆಯೂ ಒಂದೇ ಆಗಬೇಕಂತೆ. ಆ ಪಾಠ ನಿಂತಿತು, ಮೇಷ್ಟ್ರ ಕೆಲಸವೂ ಹೋಯಿತು. ಅವರು ಗಡಿಯಾಚೆಯ ತಮ್ಮ ಊರಿಗೆ ಹೊರಟರು. ಬಸ್ ನಿಲ್ದಾಣದಲ್ಲಿ ತಮ್ಮ ಭಾಷೆಯಲ್ಲಿ ಕೇಳಿದರು: ‘ನೀವೂ ಬರ್ತೀರಾ?’

ನಾನು ನಮ್ಮ ಭಾಷೆಯಲ್ಲಿ ಹೇಳಿದೆ: ‘ಈ ಮಕ್ಕಳನ್ನ ಯಾರ ಕೈಗೆ ಬಿಟ್ಟು ಬರ್ಲಿ, ಮೇಷ್ಟ್ರೇ?’

‘ಹೌದಲ್ವಾ,’ ಅಂದರು. ‘ಅವರ ಜೊತೆ ಮಾತಾಡ್ತಿರಿ. ಕಲಿತದ್ದು ಮರೀಬಾರ್ದು.’

ಬಸ್ಸು ಹೊರಟಿತು.

ಆಮೇಲಿನ ಅರ್ಜಿ, ಧರಣಿ, ನ್ಯಾಯಾಲಯದ ಅಲೆದಾಟವನ್ನೆಲ್ಲ ನಿರೂಪಕರು ಹೇಳಿದ್ದಾರೆ. ಸಚಿವರು ಬದಲಾದರು, ನನ್ನ ತಲೆಗೂದಲು ಬದಲಾಯಿತು, ಕಡೆಗೆ ಆದೇಶವೂ ಬದಲಾಯಿತು. ಮೇಷ್ಟ್ರಿಗೆ ತಿಳಿಸೋಣವೆಂದು ಹೇಗೋ ನಂಬರು ಹುಡುಕಿ ಫೋನು ಮಾಡಿದೆ. ಎತ್ತಿದ್ದು ಅವರ ತಂಗಿ. ಹೋದ ಚಳಿಗಾಲದಲ್ಲೇ ತೀರಿಕೊಂಡರಂತೆ. ನಾನು ಅವರ ಭಾಷೆಯಲ್ಲೇ ಏನೋ ಸಮಾಧಾನ ಹೇಳಿದೆ. ಆಕೆ ಅಳು ನಿಲ್ಲಿಸಿ ಕೇಳಿದರು: ‘ಅಯ್ಯೋ, ನೀವು ನಮ್ಮಣ್ಣನ ಹಾಗೇ ಮಾತಾಡ್ತೀರಲ್ಲಾ?’

ಆ ಭಾಷೆಯನ್ನು ನಾನು ಬೇರೆ ಯಾರ ಬಾಯಿಂದ ಕಲಿತಿದ್ದೆ?

ಇಂದು ಬೆಳಿಗ್ಗೆ ಬೇಗ ಬಂದೆ. ಹೊಸ ಟೀಚರಮ್ಮ ಆ ಭಾಷೆಯ ಮೊದಲ ಪಾಠ ಹೇಳಿಕೊಡುತ್ತಿದ್ದಳು. ಮಕ್ಕಳು ಒಕ್ಕೊರಲಿನಲ್ಲಿ ಹೇಳುತ್ತಿದ್ದರು. ನಾನು ಹೊರಗೆ ಗೋಡೆಗೆ ಒರಗಿ, ಕಣ್ಣು ಮುಚ್ಚಿ ನಿಂತಿದ್ದೆ. ಹೆಡ್‌ಮಾಸ್ಟರು ಓಡಿ ಬಂದು, ‘ಬನ್ನಿ ಮೇಡಂ, ಸಚಿವರು ಬಂದ್ರು’ ಅಂದರು.

‘ಸ್ವಲ್ಪ ಇರಿ,’ ಅಂದುಬಿಟ್ಟೆ. ‘ಮೇಷ್ಟ್ರು ಪಾಠ ಮುಗಿಸಿ ಬರ್ಲಿ.’

ಸಚಿವರೇ, ನಿಮ್ಮನ್ನು ಕಾಯಿಸಿದ್ದಕ್ಕೆ ಮನ್ನಿಸಿ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ.