ಸುಧಾ ಮಾಡ್ಕೊಂಡ ಗೆಳತಿ

ಇದು ಯಾರೋ ಹೇಳಿ ಕೇಳಿದ್ದಲ್ಲ, ಬೆಳ್ಳಾವೀಲಿ ನಮ್ಮ ಪಕ್ಕದ ಮನೆ ಸುಧಂಗೆ ಆಗಿದ್ದು. ಹದಿನೈದು ವರ್ಷ ಆಯ್ತು. ಆಗ ಅವಳಿಗೆ ಆರು ವರ್ಷ.

ತುಮಕೂರಲ್ಲಿ ನೆಂಟರ ಆರತಕ್ಷತೆ ಮುಗಿಸ್ಕೊಂಡು ಕಡೇ ಬಸ್ಸಿಗೆ ಬಂದಿಳಿದಿದ್ರು. ಮುಂದೆ ಅಪ್ಪ ರಾಮಾಂಜಿನಯ್ಯ, ಕೈಲಿ ಬ್ಯಾಟರಿ. ಹಿಂದೆ ಅಮ್ಮ ಮಂಜುಳಮ್ಮ, ಹೆಗಲ ಮೇಲೆ ನಿದ್ದೆ ಹೋದ ಕೂಸು ಸಂತೋಷ. ಅಮ್ಮನ ಸೆರಗು ಹಿಡ್ಕೊಂಡು ಸುಧಾ. ತೋಟದ ದಾರಿ... ಆಲದ ಮರ... ಅದರ ಬುಡದಲ್ಲಿ ಹಾಳುಬಾವಿ.

ಸುಧಂಗೆ ಭಯ ಇರ್ಲಿಲ್ಲ. ಜೊತೆಗೆ ರಾಜಿ ಇದ್ಳಲ್ಲ.

ರಾಜಿ ಅನ್ನೋಳು ಯಾರೂ ಇರ್ಲಿಲ್ಲ, ಅದು ಸುಧಂಗೂ ಗೊತ್ತು. ತಮ್ಮ ಹುಟ್ಟಿದ ಮೇಲೆ ಅಮ್ಮಂಗೆ ಇವಳ ಕಡೆ ನೋಡೋಕೆ ಪುರುಸೊತ್ತಿಲ್ಲ. ಹಿತ್ತಲಲ್ಲಿ ಒಬ್ಬಳೇ ಕೂತು ಕೂತು ಒಬ್ಬ ಗೆಳತೀನ ಮಾಡ್ಕೊಂಡ್ಳು. ಚಿಕ್ಕಮ್ಮನ ಮಗಳ ಎರಡು ಜಡೆ ಕೊಟ್ಳು. ಅಜ್ಜಿಯ ಗೊಗ್ಗರು ದನಿ ಕೊಟ್ಳು. ಕಾಲಿಗೆ ಅಪ್ಪನ ಹಳೇ ಹವಾಯಿ ಚಪ್ಪಲಿ ಹಾಕಿದ್ಳು, ಅಳತೆಗೆ ದೊಡ್ಡದು. ನಡೆದ್ರೆ ಪಟ್... ಸರ್ರ್... ಪಟ್... ಸರ್ರ್. ಆ ಸದ್ದನ್ನ ಸುಧಾನೇ ಬಾಯಲ್ಲಿ ಮಾಡ್ತಿದ್ಳು. ರಾಜಿ ಏನು ಮಾತಾಡಬೇಕು ಅಂತ್ಲೂ ಇವಳೇ ಹೇಳ್ಕೊಡ್ತಿದ್ಳು.

ಒಂದ್ಸಲ ಗುಟ್ಟಾಗಿ, "ತಮ್ಮ ಬ್ಯಾಡ ಕಣೇ ನಂಗೆ" ಅಂದ್ಳು.

"ನಂಗೂ ಬ್ಯಾಡ. ನೀನೊಬ್ಳೇ ಸಾಕು" ಅಂದ್ಳು ರಾಜಿ.

ಅವತ್ತು ಬಾವಿ ಹತ್ರ ಬರೋ ಹೊತ್ತಿಗೆ ಜೀರುಂಡೆ ಸದ್ದು ಗಕ್ಕನೆ ನಿಂತೋಯ್ತು.

ಪಟ್... ಸರ್ರ್.

ಸುಧಾ ಬಾಯಿ ಮುಚ್ಕೊಂಡೇ ಇದ್ಳು.

ಪಟ್... ಸರ್ರ್... ಬಾವಿ ಕಟ್ಟೆ ಇಳಿದು, ಒಣಗಿದ ಆಲದೆಲೆ ತುಳ್ಕೊಂಡು, ಇತ್ತ ಕಡೆಗೇ.

"ಸಂತೂ... ಬಾರೋ..."

ಅದೇ ಗೊಗ್ಗರು ದನಿ.

ಮಂಜುಳಮ್ಮ ನಿಂತ್ಳು. "ರೀ, ಯಾರೋ ಮಗೂನ ಕೂಗ್ತಾ ಅವ್ರೆ."

"ತಿರುಗಿ ನೋಡ್ಬೇಡ. ನಡಿ" ಅಂತ ರಾಮಾಂಜಿನಯ್ಯ ಪಿಸುಗುಟ್ಟಿದ.

ಸುಧಾ ಕಾದು ನೋಡಿದ್ಳು. ರಾಜಿ ತನ್ನ ಹೆಸರು ಹಿಡಿದು ಕರೀಲಿಲ್ಲ.

"ರಾಜೀ, ನಾನಿಲ್ಲಿದೀನಿ ಕಣೇ."

ಚಪ್ಪಲಿ ಸದ್ದು ಹತ್ರ ಬಂತು. ಅವಳ ಪಕ್ಕದಲ್ಲೇ ಹಾದು ಹೋಯ್ತು... ನಿಲ್ಲಲಿಲ್ಲ. ಅಮ್ಮನ ಬೆನ್ನ ಹಿಂದೆ ಹೋಗಿ ಸೇರ್ಕೊಂತು. ನಿದ್ದೇಲಿದ್ದ ಕೂಸು ಕಣ್ಬಿಟ್ಟು, ಕತ್ತಲ ಕಡೆ ಎರಡೂ ಕೈ ಚಾಚಿ, ಕಿಲಕಿಲ ನಗ್ತು.

"ನಂಜೊತೆ ಬಾರೇ" ಅಂದ್ಳು ಸುಧಾ.

ಕಿವಿ ಪಕ್ಕದಲ್ಲೇ ಉತ್ತರ ಬಂತು. "ನೀನು ಬ್ಯಾಡ ಕಣೇ."

ಆ ಮಾತನ್ನ ಸುಧಾ ಅವಳಿಗೆ ಹೇಳ್ಕೊಟ್ಟಿರ್ಲಿಲ್ಲ.

ಮನೆವರೆಗೂ ಸದ್ದು ಅಮ್ಮನ ಹಿಂದೇನೇ ಬಂತು. ಹೊಸಿಲು ದಾಟ್ತು... ಆಮೇಲೆ ಕೇಳಿಸ್ಲಿಲ್ಲ.

ಮಾರನೇ ದಿನ ಅಜ್ಜಿ ಭದ್ರಮ್ಮ ಉಪ್ಪು, ಮೆಣಸಿನಕಾಯಿ ತಗೊಂಡು ಕೂಸಿಗೆ ನೀವಾಳಿಸಿದ್ರು. ಸುಧಂಗೆ ಏನಾಯ್ತು ಅಂತ ಯಾರೂ ಕೇಳ್ಲಿಲ್ಲ. ಅವಳು ಹಿತ್ತಲಲ್ಲಿ ಕೂತು ಇನ್ನೊಬ್ಬ ಗೆಳತೀನ ಮಾಡೋಕೆ ನೋಡಿದ್ಳು. ಜಡೆ ಬಂತು, ಲಂಗ ಬಂತು... ಮುಖ ಬರ್ಲಿಲ್ಲ. ಆಮೇಲೆ ಆ ಆಟಾನೇ ಬಿಟ್ಟುಬಿಟ್ಳು.

ಸಂತೋಷ ಈಗ ಎಸ್ಸೆಸ್ಸೆಲ್ಸಿ. ಒಳ್ಳೇ ಹುಡುಗ, ಕಾಯಿಲೆ ಕಸಾಲೆ ಏನೂ ಇಲ್ಲ. ದೊಡ್ಡ ಚಾಪೇಲಿ ಒಬ್ನೇ ಮಲಗ್ತಾನೆ, ಗೋಡೆಗೆ ಒತ್ಕೊಂಡು, ಅರ್ಧ ಚಾಪೆ ಖಾಲಿ ಬಿಟ್ಟು. ಯಾಕ್ಲಾ ಅಂದ್ರೆ, ಅಭ್ಯಾಸ ಅಂತಾನೆ.

ಬೆಳಿಗ್ಗೆ ಚಾಪೆ ಸುತ್ತೋಳು ಸುಧಾ. ನಂಬಿದ್ರೆ ನಂಬಿ, ಇಲ್ದಿದ್ರೆ ಬುಡಿ... ಆ ಖಾಲಿ ಕಡೆ ಬೆಚ್ಚಗಿರುತ್ತೆ. ನಾನೇ ಕೈಯಿಟ್ಟು ನೋಡಿದೀನಿ.