ಮೂರ್ತಪ್ಪನವರ ಕಿವಿ

ವೇದಿಕೆಯ ಮೇಲಿರುವ ಹಿರಿಯರಿಗೆ, ನಮ್ಮ ರೇಡಿಯೋ ಮೆಕ್ಯಾನಿಕ್ ಸಂಘದ ಗೆಳೆಯರಿಗೆ, ರವೀಂದ್ರನಗರದಿಂದ ಬಂದಿರುವ ಮೂರ್ತಪ್ಪನವರ ಪತ್ನಿ ವೀರಮ್ಮನವರಿಗೆ, ಮಗಳು ಕವನ ಅವರಿಗೆ — ನಮಸ್ಕಾರ. ನಾನು ಹಾಲೇಶ್. ಗಾಂಧಿ ಬಜಾರಿನ ಅಂಗಡಿಯಲ್ಲಿ ಮೂರ್ತಪ್ಪನವರ ಪಕ್ಕದ ಸ್ಟೂಲಿನ ಮೇಲೆ ಹದಿನೆಂಟು ವರ್ಷ ಕೂತವನು. ಮಾತು ಬರೆದುಕೊಂಡು ಬಂದಿದ್ದೆ. ಅದನ್ನು ಓದುವುದಿಲ್ಲ, ಕ್ಷಮಿಸಿ.

ಅವರು ದೊಡ್ಡ ಮೆಕ್ಯಾನಿಕ್ ಎಂದು ಎಲ್ಲರೂ ಹೇಳಿದಿರಿ. ನಿಜ. ಆದರೆ ಅವರಿಗೆ ರೇಡಿಯೋಗಿಂತ, ರೇಡಿಯೋ ಪರೀಕ್ಷೆ ಮಾಡುವ ಮೆಷಿನ್‌ಗಳ ಮೇಲೆ ಹೆಚ್ಚು ಪ್ರೀತಿ. ನಮ್ಮ ಸಿಗ್ನಲ್ ಜನರೇಟರ್ ನೋಡಿದ್ದೀರಲ್ಲ, ಸ್ಟೇಷನ್ನಿನಂತೆಯೇ ಸಿಗ್ನಲ್ ಕೊಟ್ಟು ರೇಡಿಯೋ ಸರಿಹೊಂದಿಸಲು ನೆರವಾಗುವುದು — ಇಷ್ಟಗಲ, ಬೂದು ಬಣ್ಣ, ವಾಲ್ವ್ ಕಾಲದ್ದು. ಎಂಬತ್ತಾರರಲ್ಲಿ ಭದ್ರಾವತಿಯ ಗುಜರಿಯಲ್ಲಿ ಸಿಕ್ಕಿತ್ತು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಪೂರ್ತಿ ಸತ್ತಿತ್ತು. ಸರ್ಕ್ಯೂಟ್ ಹಾಳೆ ಇಲ್ಲ, ಬಿಡಿಭಾಗ ಇಲ್ಲ. ಒಂದೊಂದೇ ವೈರ್ ಹಿಡಿದು, ಒಂದೊಂದೇ ಕಂಡೆನ್ಸರ್ ಅಳೆದು, ಮೂರು ತಿಂಗಳಿಗೆ ಅದನ್ನು ಎಬ್ಬಿಸಿದರು. ಅದರ ಮೇಲೆ ಟೀ ಲೋಟ ಇಟ್ಟರೆ — "ಏಯ್ ಮಾರಾಯ, ಅದೇನು ನಿಮ್ಮ ಮಾವನ ಮನೆ ಟೇಬಲ್ಲಾ?" ಅನ್ನುತ್ತಿದ್ದರು.

ಕಳೆದ ದೀಪಾವಳಿಗೆ ಅಂಗಡಿಗೆ ಸುಣ್ಣ ಹೊಡೆಸಿದೆವು. ಮೆಷಿನ್ ಕೆಳಗಿಳಿಸಿದವನು ನಾನು, ಮತ್ತೆ ಮೇಲಿಟ್ಟವನೂ ನಾನು. ಅಲ್ಲಿಂದ ಶುರುವಾಯಿತು. ನಾವು ರಿಪೇರಿ ಮಾಡಿ ಕೊಟ್ಟ ರೇಡಿಯೋಗಳು ಒಂದೊಂದಾಗಿ ವಾಪಸ್ ಬಂದವು. ಹೊಳಲೂರಿನ ಶ್ರೀನಿವಾಸಮೂರ್ತಿ ಮೇಷ್ಟ್ರು — ಅಗೋ, ಅಲ್ಲೇ ಕೂತಿದ್ದಾರೆ — "ರಿಪೇರಿಗೆ ಮುಂಚೆನೇ ಚೆನ್ನಾಗಿತ್ತಲ್ರೀ" ಅಂದರು. ಮೂರ್ತಪ್ಪನವರು ಕಿವಿಯಲ್ಲಿ ಕೇಳಿ ಸರಿ ಮಾಡಿದರೆ ಮೆಷಿನ್ ತಪ್ಪು ಅನ್ನುತ್ತಿತ್ತು. ಮೆಷಿನ್ ಹೇಳಿದಂತೆ ತಿರುಗಿಸಿದರೆ ಸ್ಟೇಷನ್ ಕ್ಷೀಣವಾಗುತ್ತಿತ್ತು.

ಒಂದು ದಿನ ಹೇಳಿದರು — "ಹಾಲೇಶ, ಮೆಷಿನ್ನೇ ಒಂದ್ಸಲ ಬಿಚ್ಚಿ ನೋಡ್ಬೇಕಲ್ಲೋ."

ನಾನು ನಕ್ಕೆ. "ಅದಕ್ಕೇನಾಗಿರುತ್ತೆ ಸಾರ್? ನಿಮಗೆ ಅರವತ್ತೈದು ದಾಟ್ತು. ಮೊದ್ಲು ಕಿವಿ ತೋರಿಸ್ಕೊಳ್ಳಿ." ತಮಾಷೆಗೆ ಅಂದೆ. ತಮಾಷೆಗೇ ಅಂದೆ ಸ್ವಾಮಿ —

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. ಮುಂದಿನ ವಾರದಿಂದ ಅಂಗಡಿಗೆ ಬರಲಿಲ್ಲ. ಮನೆಗೆ ಹೋದಾಗ ವೀರಮ್ಮನವರು ಅಂದರು — "ರೇಡಿಯೋ ಹಾಕ್ಲಾ ಅಂದ್ರೂ ಬೇಡ ಅಂತಾರೆ ಕಣಪ್ಪ. ನಂಗೆ ಸರಿಯಾಗಿ ಕೇಳ್ಸಲ್ಲ ಅಂತಾರೆ." ಡಾಕ್ಟರ ಹತ್ತಿರ ಹೋಗಲೂ ಒಪ್ಪಲಿಲ್ಲ. ನಾಲ್ಕು ತಿಂಗಳು ಹಾಗೆಯೇ ಸುಮ್ಮನೆ ಕೂತಿದ್ದರು. ಆಮೇಲೆ ಹಾರ್ಟ್ ಅಟ್ಯಾಕ್. ನಿಮಗೆಲ್ಲ ಗೊತ್ತಿದೆ.

ತಿಥಿ ಮುಗಿದ ಮಾರನೇ ದಿನ ನಾನು ಮೆಷಿನ್ ಪರೀಕ್ಷೆ ಮಾಡಿದೆ. ಅವರೇ ಕಲಿಸಿದ ರೀತಿ. ರೇಡಿಯೋದಲ್ಲಿ ಭದ್ರಾವತಿ ಸ್ಟೇಷನ್ ಹಾಕಬೇಕು, ಪಕ್ಕದಲ್ಲಿ ಮೆಷಿನ್ ತಿರುಗಿಸುತ್ತ ಹೋಗಬೇಕು. ಸಿಳ್ಳೆಯಂಥ ಶಬ್ದ ಬರುತ್ತದೆ. ಎರಡೂ ಒಂದೇ ಕಡೆ ಬಂದಾಗ ಸಿಳ್ಳೆ ಇಳಿದು ನಿಲ್ಲುತ್ತದೆ. ಭದ್ರಾವತಿ ಇರುವುದು 675 ಕಿಲೋಹರ್ಟ್ಸ್‌ನಲ್ಲಿ. ಸಿಳ್ಳೆ ನಿಂತಾಗ ಮೆಷಿನ್ ಮುಳ್ಳು 700 ತೋರಿಸುತ್ತಿತ್ತು. ಬಿಚ್ಚಿ ನೋಡಿದರೆ, ಮುಳ್ಳು ಹಿಡಿದಿಡುವ ಸ್ಕ್ರೂ — ಅಕ್ಕಿ ಕಾಳಿನಷ್ಟು — ಸಡಿಲವಾಗಿದೆ. ಸುಣ್ಣದ ದಿನ ಮೆಷಿನ್ನನ್ನು ಮುಳ್ಳು ತಿರುಗಿಸುವ ನಾಬ್ ಹಿಡಿದು ಎತ್ತಿದ್ದೆ. ಮುಳ್ಳು ಆಗಲೇ ಜಾರಿತ್ತು. ಬಿಗಿ ಮಾಡಲು ಎರಡು ನಿಮಿಷವೂ ಹಿಡಿಯಲಿಲ್ಲ.

ಮೆಷಿನ್ ಈಗ ಸರಿಯಾಗಿದೆ. ಅದನ್ನು ಇಟ್ಟುಕೊಂಡು ನಾನೇನು ಮಾಡಲಿ?

ವೀರಮ್ಮನವರೇ, ನಿಮ್ಮ ಯಜಮಾನರ ಕಿವಿಗೆ ಏನೂ ಆಗಿರಲಿಲ್ಲ. ಇದನ್ನು ಅವರಿಗೆ ಹೇಳಬೇಕಿತ್ತು. ಈಗ ನಿಮಗೆ ಹೇಳುತ್ತಿದ್ದೇನೆ. ಬೈಯಬೇಕೆನಿಸಿದರೆ ಬೈಯಿರಿ, ಎಲ್ಲರ ಎದುರಿಗೇ ಬೈಯಿರಿ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮೂರ್ತಪ್ಪನವರಿಗಾಗಿ ಒಂದು ನಿಮಿಷ ಮೌನ. ನಿಮಿಷ ಮುಗಿಯಿತು, ಕುಳಿತುಕೊಳ್ಳಿ ಎಂದು ಬೇರೆ ಯಾರಾದರೂ ಹೇಳಿ — ಅದು ನನ್ನ ಕೈಲಾಗುವುದಿಲ್ಲ.